ಶೀತದ ಮಾತ್ರೆಯೂ ಮನಸ್ಸಿನ ಬೇನೆಯೂ

ನಮ್ಮ ಮಲೆನಾಡಿನ ಮನೆಗಳಲ್ಲಿ ದೇವರ ಗೂಡಿನ ಹಾಗೆಯೇ ಔಷಧಿಯ ಗೂಡೊಂದು ಇರುತ್ತದೆ. ನಡುಮನೆಯ ಗೋಡೆಯಲ್ಲಿ, ಗಡಿಯಾರದ ಕೆಳಗೆ, ಕೈಗೆ ಎಟಕುವಷ್ಟು ಎತ್ತರದಲ್ಲಿ ಅದನ್ನು ಬಿಟ್ಟಿರುತ್ತಾರೆ. ಅಮೃತಾಂಜನದ ಡಬ್ಬಿ, ಒಣಶುಂಠಿಯ ಪೊಟ್ಟಣ, ತಳದಲ್ಲಿ ಗಟ್ಟಿಯಾಗಿ ನಿಂತ ಕೆಮ್ಮಿನ ಔಷಧದ ಸೀಸೆ, ಇವುಗಳ ನಡುವೆ ಸಣ್ಣ ಮಾತ್ರೆಗಳ ಪಟ್ಟಿಯೊಂದು. ಆರಿದ್ರೆಯ ಮಳೆ ಹಿಡಿದು ಮಘೆ ಬಿಡುವ ತನಕ ಆ ಪಟ್ಟಿಗೆ ವಿಶ್ರಾಂತಿಯಿಲ್ಲ. ನೆಗಡಿಗೆ ಅದು, ಮೈ ತುರಿಕೆಗೆ ಅದು, ಕಂಬಳಿಹುಳು ಸೋಕಿದ ಉರಿಗೂ ಅದೇ. ಅವಿಲ್ ಎಂದರೆ ಅಕ್ಷರ ಬಾರದ ಅಜ್ಜಿಗೂ ತಿಳಿಯುತ್ತದೆ, ಸಿ.ಪಿ.ಎಂ. ಎಂದರೆ ಅಂಗಡಿಯ ಹುಡುಗ ತಿರುಗಿ ನೋಡದೆಯೇ ಹಿಂದಿನ ಖಾನೆಗೆ ಕೈಹಾಕುತ್ತಾನೆ.

ಈ ಮಾತ್ರೆಗೆ ಇನ್ನೊಂದು ಉಪಯೋಗವೂ ಉಂಟು. ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ನುಂಗಿದ ಅರ್ಧ ಗಂಟೆಗೆ, ಒಂದು ಗಂಟೆಗೆ, ಕಣ್ಣು ತೂಗುತ್ತದೆ. ಮನಸ್ಸಿನ ಮೇಲೆ ಕಂಬಳಿ ಹೊದೆಸಿದ ಹಾಗೆ ಆಗುತ್ತದೆ. ನೆಗಡಿಯಿಲ್ಲದವರೂ ಅದನ್ನು ನುಂಗಲು ಈ ಒಂದು ಗುಣ ಸಾಕು. ಮಗಳ ಮದುವೆ ಮುರಿದ ತಂದೆ, ತೋಟ ಒತ್ತೆಯಿಟ್ಟ ಯಜಮಾನ, ಕಾರಣವೇ ಇಲ್ಲದೆ ಬೆಳಗಿನ ಜಾವ ಎದೆ ಭಾರವಾಗಿ ಎಚ್ಚರಗೊಳ್ಳುವ ಗೃಹಿಣಿ, ಇವರೆಲ್ಲ ಮನೋವೈದ್ಯರ ಚೀಟಿಗೆ ಬದಲಾಗಿ ಶೀತದ ಮಾತ್ರೆಯನ್ನು ಆಶ್ರಯಿಸಿರುವುದನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ಓಡಾಡುವ ನಾನು ಬಲ್ಲೆ. ಬಲ್ಲೆ ಎನ್ನುವುದಕ್ಕೆ ಕಾರಣ, ನಾನೂ ಅವರಲ್ಲಿ ಒಬ್ಬನಾಗಿದ್ದೆ.

ನಾನು ವೈದ್ಯನಲ್ಲ, ಸಾಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಔಷಧದ ವಿಚಾರವಾಗಿ ನಾನು ಬರೆಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಿದರೆ ತಪ್ಪಿಲ್ಲ. ಆದರೆ ಅನುಭವಿಸಿದವನಿಗೆ ಹೇಳುವ ಒಂದು ಅಧಿಕಾರವುಂಟಲ್ಲವೆ? ಆಮೇಲೆ ತಿಳಿದವರನ್ನು ಕೇಳಿ, ಓದಿ, ಮನದಟ್ಟು ಮಾಡಿಕೊಂಡದ್ದನ್ನೂ ಅದರ ಜೊತೆಗೆ ಇಡುತ್ತೇನೆ.

ನಾಲ್ಕು ವರ್ಷಗಳ ಹಿಂದೆ, ಆಷಾಢದಲ್ಲಿ, ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ತಾಯಿ ತೀರಿಕೊಂಡರು. ಅವರಿಗೆ ಎಪ್ಪತ್ತಾರು. ಅವರು ಸೊಸೆಯಾಗಿ ಕಾಲಿಟ್ಟ ಮನೆ ಈಗಿಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರಿನ ಕೆಳಗೆ ಹೋದ ಮನೆಗಳಲ್ಲಿ ಅದೂ ಒಂದು. ಆ ಮನೆಯ ಬೀಗದ ಕೈಯನ್ನು ಅವರು ಕೊನೆಯ ತನಕ ಸೆರಗಿನ ಗೊಂಚಲಿನಲ್ಲಿಯೇ ಇಟ್ಟುಕೊಂಡಿದ್ದರು. ಆದರೆ ಆ ಮನೆಯ ಮಾತನ್ನು ಆಡಿದ್ದನ್ನು ನಾನು ಕೇಳಿಲ್ಲ. ದುಃಖವನ್ನು ಆಡಿ ತೋರಿಸುವ ವಾಡಿಕೆ ಆ ತಲೆಮಾರಿನಲ್ಲಿ ಇರಲಿಲ್ಲ.

ಹದಿಮೂರು ದಿನಗಳ ಕರ್ಮಗಳು ಮುಗಿದವು. ನಾನು ಸಾಗರಕ್ಕೆ ಹಿಂದಿರುಗಿ ಪಾಠಕ್ಕೆ ನಿಂತೆ. ದುಃಖ ಹಗುರವಾಗುತ್ತ ಬರಬೇಕಾದ ಕಾಲಕ್ಕೆ ಅದು ಬೇರೆಯೊಂದು ರೂಪ ತಾಳಿತು. ಅಳು ನಿಂತಿತು, ಅಳುವಿನ ಜೊತೆಗೆ ಉಳಿದದ್ದೂ ನಿಂತಿತು. ಊಟದ ರುಚಿ ಹೋಯಿತು. ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿತ್ತು, ಅರ್ಥ ಕಾಣುತ್ತಿರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಯಾರೋ ಕೂಗಿದ ಹಾಗೆ ಎಚ್ಚರವಾಗುವುದು. ಹೆಂಚಿನ ಮೇಲೆ ಮಳೆ ಸುರಿಯುವ ಸದ್ದು ಕೇಳುತ್ತ ನಾನು ಬದುಕಿ ಮಾಡಬೇಕಾದದ್ದೇನು ಎಂದು ಲೆಕ್ಕ ಹಾಕುವುದು. ಈ ಲೆಕ್ಕ ಎಂದೂ ನನ್ನ ಪರವಾಗಿ ಬರುತ್ತಿರಲಿಲ್ಲ.

ಒಂದು ಸಂಜೆ ನಿಜವಾದ ನೆಗಡಿಗೆಂದೇ ಅಂಗಡಿಯಲ್ಲಿ ಮಾತ್ರೆ ತೆಗೆದುಕೊಂಡೆ. ಆ ರಾತ್ರಿ ಮೂರರ ಎಚ್ಚರ ಬರಲಿಲ್ಲ. ಎಂಟು ಗಂಟೆ ಕಲ್ಲಿನ ಹಾಗೆ ಮಲಗಿದೆ. ಆ ನಿದ್ದೆಯ ಸುಖವನ್ನು ನಾನು ಇಂದೂ ಅಲ್ಲಗಳೆಯಲಾರೆ. ಮರುದಿನ ನೆಗಡಿ ಹೋಯಿತು, ಮಾತ್ರೆ ಉಳಿಯಿತು. ಒಂದು ವಾರ ಕಳೆಯುವಷ್ಟರಲ್ಲಿ ಒಂದು ಸಾಲದೆ ಎರಡಾಯಿತು. ಅಂಗಡಿಯವನು ಒಮ್ಮೆ, “ಮೇಷ್ಟ್ರಿಗೆ ಶೀತ ಬಿಡಲೇ ಇಲ್ಲವಲ್ಲ” ಎಂದ. “ಮಳೆ ನೋಡಪ್ಪ” ಎಂದೆ. ದೀಪಾವಳಿ ಕಳೆದು ಮಳೆ ನಿಂತಿತು. ಆಮೇಲೆ ಬೇರೆ ಅಂಗಡಿಗೆ ಹೋಗತೊಡಗಿದೆ.

ಶಿವಮೊಗ್ಗಕ್ಕೆ ಹೋಗಿ ಮನೋವೈದ್ಯರನ್ನು ಕಾಣಬೇಕೆಂದು ಹೆಂಡತಿ ಎರಡು ಬಾರಿ ಹೇಳಿದಳು. ನನಗೆ ಭಯವಿದ್ದದ್ದು ವೈದ್ಯರದಲ್ಲ, ಬಸ್ಸಿನದು. ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಇಬ್ಬರು ಹಳೆಯ ಶಿಷ್ಯರಾದರೂ ಇಲ್ಲದ ದಿನವಿಲ್ಲ. “ಎಲ್ಲಿಗೆ ಸಾರ್?” ಎಂಬ ಪ್ರಶ್ನೆಗೆ ಏನು ಹೇಳಲಿ? ಶೀತ ಎಂಬುದು ಎಂಥ ಮರ್ಯಾದೆಯ ಕಾಯಿಲೆ! ಅದಕ್ಕೆ ಯಾರೂ ನಗುವುದಿಲ್ಲ. ಅದರಿಂದ ಮಗಳ ಸಂಬಂಧ ತಪ್ಪುವುದಿಲ್ಲ.

ನನಗೆ ಸಮರ್ಥನೆ ಒದಗಿಸಿದವರು ರಸಾಯನಶಾಸ್ತ್ರದ ನನ್ನ ಸಹೋದ್ಯೋಗಿಯೊಬ್ಬರು. ಹೆಸರು ಹೇಳದೆ, ಯಾರದೋ ವಿಷಯವೆಂಬಂತೆ ಕೇಳಿದೆ. ಅವರು ನಕ್ಕು, “ಅದರಲ್ಲಿ ತೀರ ಹುಚ್ಚುತನವೇನೂ ಇಲ್ಲ ಸ್ವಾಮಿ. ಖಿನ್ನತೆಗೆ ಕೊಡುವ ಔಷಧಗಳು ಹುಟ್ಟಿದ್ದೇ ಈ ಶೀತದ ಮಾತ್ರೆಯ ವಂಶದಲ್ಲಿ” ಎಂದರು. ಆ ಒಂದು ಮಾತನ್ನು ಹಿಡಿದು ನಾನು ಮತ್ತೆ ನಾಲ್ಕು ತಿಂಗಳು ಮಾತ್ರೆ ನುಂಗಿದೆ. ಅವರು ಹೇಳಿದ್ದು ಸುಳ್ಳಲ್ಲ. ನಿಜದ ಅರ್ಧ ಭಾಗ ಅದು. ಅರ್ಧ ನಿಜ ಸುಳ್ಳಿಗಿಂತ ಹೆಚ್ಚು ಕಾಲ ಮನುಷ್ಯನನ್ನು ನಡೆಸುತ್ತದೆ. ಆ ವಂಶದ ಕಥೆ ಕೇಳತಕ್ಕದ್ದು, ಸಂಕ್ಷೇಪವಾಗಿ ಹೇಳುತ್ತೇನೆ.

ನಮ್ಮ ಶರೀರದಲ್ಲಿ ಹಿಸ್ಟಮೀನ್ ಎಂಬ ಪದಾರ್ಥವುಂಟು. ಮೂಗು ಸೋರುವುದೂ, ಚರ್ಮ ದದ್ದು ಏಳುವುದೂ ಬಹುಮಟ್ಟಿಗೆ ಅದರ ಚೇಷ್ಟೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ೧೯೩೭ರಲ್ಲಿ ಅದನ್ನು ತಡೆಯುವ ಮೊದಲ ಪದಾರ್ಥವನ್ನು ಕಂಡುಹಿಡಿದ. ಅದು ಮನುಷ್ಯರಿಗೆ ಕೊಡುವಂಥದಾಗಿರಲಿಲ್ಲವಾದರೂ ದಾರಿ ತೆರೆಯಿತು. ೧೯೫೭ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಆ ದಾರಿಯಲ್ಲಿ ನಡೆದವರು ಹತ್ತಾರು ಔಷಧಗಳನ್ನು ಮಾಡಿದರು. ಎಲ್ಲಕ್ಕೂ ಒಂದು ದೋಷ ಅಂಟಿಕೊಂಡಿತ್ತು: ನಿದ್ದೆ ಬರಿಸುತ್ತಿದ್ದವು.

ಒಬ್ಬನಿಗೆ ದೋಷವಾಗಿ ಕಂಡದ್ದು ಇನ್ನೊಬ್ಬನಿಗೆ ಗುಣವಾಗಿ ಕಾಣುವುದು ಲೋಕದಲ್ಲಿ ಹೊಸದೇನೂ ಅಲ್ಲ. ಫ್ರೆಂಚ್ ನೌಕಾಪಡೆಯ ಶಸ್ತ್ರವೈದ್ಯ ಹೆನ್ರಿ ಲಬೊರಿ ಶಸ್ತ್ರಚಿಕಿತ್ಸೆಯ ಮುನ್ನ ತನ್ನ ರೋಗಿಗಳಿಗೆ ಪ್ರೊಮೆಥಜೀನ್ ಎಂಬ ಇಂಥ ಔಷಧವನ್ನು ಕೊಟ್ಟಾಗ, ಅವರು ತೂಕಡಿಸುವುದಷ್ಟೇ ಅಲ್ಲದೆ ಭಯವನ್ನೇ ಮರೆತವರಂತೆ ಶಾಂತರಾಗಿರುವುದನ್ನು ಗಮನಿಸಿದ. ಆ ಗುಣವನ್ನು ಹೆಚ್ಚಿಸಬಹುದೆ ಎಂದು ಹುಡುಕಿ, ೧೯೫೦ರ ಡಿಸೆಂಬರಿನಲ್ಲಿ ಪಾಲ್ ಶಾರ್ಪಾಂತಿಯೆ ಎಂಬ ರಸಾಯನಜ್ಞ ಕ್ಲೋರ್‌ಪ್ರೊಮಜೀನನ್ನು ತಯಾರಿಸಿದ. ೧೯೫೨ರಲ್ಲಿ ಪ್ಯಾರಿಸ್ಸಿನ ಸೇಂತ್ ಆನ್ ಆಸ್ಪತ್ರೆಯ ದಿಲೇ ಮತ್ತು ದೆನಿಕೆರ್ ಅದನ್ನು ಚಿತ್ತವಿಕಲರಾದ ರೋಗಿಗಳಿಗೆ ಕೊಟ್ಟು ನೋಡಿದರು. ಬೊಬ್ಬಿಡುತ್ತಿದ್ದ ಕೋಣೆಗಳು ಶಾಂತವಾದವು. ಮನೋರೋಗಕ್ಕೆ ಮಾತ್ರೆಯೊಂದು ಉಂಟೆಂದು ಲೋಕ ನಂಬಿದ್ದು ಅಲ್ಲಿಂದ ಈಚೆಗೆ.

ಖಿನ್ನತೆಯ ಔಷಧದ ಕಥೆ ಇನ್ನೂ ವಿಚಿತ್ರ. ಸ್ವಿಟ್ಜರ್ಲೆಂಡಿನ ಕಾನ್ಸ್ಟೆನ್ಸ್ ಸರೋವರದ ದಂಡೆಯಲ್ಲಿ ಮ್ಯುನ್ಸ್ಟರ್‌ಲಿಂಗೆನ್ ಎಂಬ ಹಳ್ಳಿಯಿದೆ. ಅಲ್ಲಿಯ ಮಾನಸಿಕ ಆಸ್ಪತ್ರೆಯ ವೈದ್ಯ ರೋಲಂಡ್ ಕೂನ್. ಗೈಗಿ ಕಂಪೆನಿ ಶೀತದ ಮಾತ್ರೆಗಳನ್ನು ಹುಡುಕುತ್ತ ಹಳೆಯ ರಸಾಯನವೊಂದರಿಂದ ಮಾಡಿದ ಪದಾರ್ಥಗಳಲ್ಲಿ ಒಂದನ್ನು ಅವನಿಗೆ ಕಳಿಸಿತು. ಚಿತ್ತವಿಕಲರಿಗೆ ಕೊಟ್ಟ, ಉಪಯೋಗವಾಗಲಿಲ್ಲ. ೧೯೫೬ರಲ್ಲಿ ತೀವ್ರ ಖಿನ್ನತೆಯ ರೋಗಿಗಳಿಗೆ ಕೊಟ್ಟ; ಕೆಲವು ದಿನಗಳಲ್ಲಿ, ಕೆಲವು ವಾರಗಳಲ್ಲಿ ಅವರು ಎದ್ದು ಕುಳಿತರು. ಇಮಿಪ್ರಮೀನ್ ಎಂಬ ಆ ಔಷಧದ ವಿಷಯವಾಗಿ ಅವನು ೧೯೫೭ರಲ್ಲಿ ಜೂರಿಚ್ಚಿನ ವಿಶ್ವಸಮ್ಮೇಳನದಲ್ಲಿ ಮಾತನಾಡಿದಾಗ ಕೇಳಲು ಕುಳಿತಿದ್ದವರು ಹನ್ನೆರಡು ಮಂದಿಯಷ್ಟೆ ಎಂದು ಹೇಳುತ್ತಾರೆ. ನಮ್ಮ ತಾಲ್ಲೂಕು ಸಾಹಿತ್ಯ ಗೋಷ್ಠಿಗಳಿಗೂ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ! ಇದೇ ಕೂನನು ತನ್ನ ರೋಗಿಗಳ ಮೇಲೆ ಅವರ ಒಪ್ಪಿಗೆಯನ್ನು ಸರಿಯಾಗಿ ಕೇಳದೆ ಅನೇಕ ಔಷಧಗಳನ್ನು ಪರೀಕ್ಷಿಸಿದನೆಂಬುದೂ ಮುಂದೆ ಇತಿಹಾಸಕಾರರ ಶೋಧನೆಯಿಂದ ಹೊರಬಿತ್ತು. ಒಳ್ಳೆಯ ಮದ್ದಿನ ಹುಟ್ಟೆಲ್ಲ ಶುದ್ಧವಾಗಿರುತ್ತದೆಂದು ತಿಳಿಯಬೇಕಾಗಿಲ್ಲ.

ನನ್ನ ಸಿ.ಪಿ.ಎಂ. ಮಾತ್ರೆಯೂ ಈ ಚರಿತ್ರೆಯಿಂದ ಹೊರಗಿಲ್ಲ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ೧೯೬೯ರಲ್ಲಿ ಒಂದು ವಿಷಯವನ್ನು ತೋರಿಸಿದ. ಕ್ಲೋರ್‌ಫೆನಿರಮೈನ್ ಮತ್ತು ಅದರ ಸೋದರ ಬ್ರೋಮ್‌ಫೆನಿರಮೈನ್, ಇವೆರಡೂ ನರಗಳಲ್ಲಿ ಸಿರೊಟೊನಿನ್ ಎಂಬ ಪದಾರ್ಥ ಮರಳಿ ಹೀರಿಹೋಗುವುದನ್ನು ಸ್ವಲ್ಪ ತಡೆಯುತ್ತವೆ. ಇಂದಿನ ಖಿನ್ನತೆಯ ಔಷಧಗಳಲ್ಲಿ ಬಹುಪಾಲು ಮಾಡುವುದು ಇದೇ ಕೆಲಸವನ್ನು. ಕಾರ್ಲ್‌ಸನ್ ಮತ್ತು ಅವನ ಜೊತೆಗಾರರು ಬ್ರೋಮ್‌ಫೆನಿರಮೈನನ್ನು ಮಾರ್ಪಡಿಸಿ ಜಿಮೆಲಿಡೀನನ್ನು ಮಾಡಿದರು. ೧೯೮೨ರಲ್ಲಿ ಅದು ಮಾರಾಟಕ್ಕೆ ಬಂತು. ಕೆಲವರಿಗೆ ಅದರಿಂದ ನರಗಳ ಘೋರ ವ್ಯಾಧಿ ತಗುಲಿದ್ದರಿಂದ ಮರುವರ್ಷವೇ ಹಿಂತೆಗೆಯಬೇಕಾಯಿತು. ಅತ್ತ ಅಮೆರಿಕದಲ್ಲಿ ಬೆನಡ್ರಿಲ್ ಎಂದು ಹೆಸರಾದ ಡೈಫೆನ್‌ಹೈಡ್ರಮೀನಿನ ರಚನೆಯಿಂದಲೇ ಹೊರಟು ಲಿಲಿ ಕಂಪೆನಿಯ ವಿಜ್ಞಾನಿಗಳು ಫ್ಲುವಾಕ್ಸೆಟೀನನ್ನು ಮುಟ್ಟಿದರು. ೧೯೮೭ರ ಡಿಸೆಂಬರಿನಲ್ಲಿ ಅಲ್ಲಿಯ ಸರಕಾರ ಅದಕ್ಕೆ ಅನುಮತಿ ಕೊಟ್ಟಿತು.

ಇಷ್ಟು ಕಥೆ ತಿಳಿದ ಮೇಲೆ, ತಾಯಿಬೇರೇ ಗೂಡಿನಲ್ಲಿರುವಾಗ ಕೊಂಬೆಯ ಹಣ್ಣಿಗೆ ಶಿವಮೊಗ್ಗದ ತನಕ ಏಕೆ ಹೋಗಬೇಕು ಎಂದು ನನಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಹೀಗಿರಲಾಗಿ ಒಂದು ದಿನ ತರಗತಿಯಲ್ಲಿ ರನ್ನನ ಗದಾಯುದ್ಧವನ್ನು ಹೇಳುತ್ತಿದ್ದೆ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುವ ಭಾಗ. ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದದ್ದು, ಪುಸ್ತಕ ಬೇಕಾಗಿರಲಿಲ್ಲ. ಪದ್ಯದ ನಡುವೆ ಮಾತು ನಿಂತಿತು. ಮುಂದಿನ ಪದ ಬರಲಿಲ್ಲ. ನಾಲಗೆ ಒಣಗಿತ್ತು. ತೆರೆದ ಪುಸ್ತಕದಲ್ಲಿ ಅಕ್ಷರಗಳು ಮಸುಕಾದವು. ಹುಡುಗರು ಮೊದಲು ನಾನು ರಸವಶನಾಗಿದ್ದೇನೆಂದು ಭಾವಿಸಿ ಕಾದರು. ಆಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಆ ಪದವನ್ನು ಹೇಳಿದಳು. ಅವಳ ದನಿಯಲ್ಲಿ ಪರಿಹಾಸ್ಯವಿರಲಿಲ್ಲ, ಕನಿಕರವಿತ್ತು. ಅದನ್ನು ತಡೆದುಕೊಳ್ಳುವುದು ನನಗೆ ಕಷ್ಟವಾಯಿತು. ನೀರಿನೊಳಗೆ ಅಡಗಿದವನ ಕಥೆ ಹೇಳುತ್ತಿದ್ದವನು ನಾನೂ ಒಂದು ಕೊಳದ ತಳದಲ್ಲಿಯೇ ಕುಳಿತಿದ್ದೆನೆಂಬುದು ಆಗ ಹೊಳೆಯಿತು.

ಆ ವಾರದ ಕೊನೆಯಲ್ಲಿ ಹುಂಚ, ಕೋಣಂದೂರುಗಳ ಮೇಲೆ ತೀರ್ಥಹಳ್ಳಿಗೆ ಹೋದೆ. ಅದು ನನ್ನ ಹೆಂಡತಿಯ ತವರು. ಆ ಮನೆಗೆ ಬಹುಕಾಲದಿಂದ ಬರುವ ವೃದ್ಧ ಡಾಕ್ಟರೊಬ್ಬರಿದ್ದಾರೆ. ಅವರ ಮುಂದೆ ಎಲ್ಲವನ್ನೂ ಹೇಳಿದೆ; ವಂಶದ ಕಥೆಯನ್ನೂ ಹೇಳಿದೆ. ಅವರು ಪೂರ್ತಿ ಕೇಳಿ, “ಮೇಷ್ಟ್ರೆ, ಸಂಸ್ಕೃತದ ಪದವೊಂದು ಕನ್ನಡಕ್ಕೆ ಬಂದು ಬೇರೆ ಅರ್ಥ ಪಡೆದರೆ ಮೂಲದ ಅರ್ಥವನ್ನೇ ಹಿಡಿದು ವಾಕ್ಯ ಮಾಡುತ್ತೀರೇನು?” ಎಂದು ಕೇಳಿದರು. ನಮ್ಮ ಶಾಸ್ತ್ರದಿಂದಲೇ ನನ್ನ ಬಾಯಿ ಮುಚ್ಚಿಸಿದರು.

ಅವರು ಬಿಡಿಸಿ ಹೇಳಿದ್ದರ ಸಾರ ಇಷ್ಟು. ಮೂಗಿನಲ್ಲಿ ತೊಂದರೆ ಕೊಡುವ ಹಿಸ್ಟಮೀನೇ ಮೆದುಳಿನಲ್ಲಿ ಎಚ್ಚರದ ಕಾವಲುಗಾರ. ಹಳೆಯ ಬಗೆಯ ಶೀತದ ಮಾತ್ರೆಗಳು ಮೆದುಳಿನೊಳಗೆ ನುಗ್ಗಿ ಆ ಕಾವಲುಗಾರನನ್ನು ಮಲಗಿಸುತ್ತವೆ. ಆಗ ಬರುವುದು ನಿದ್ದೆಯೇ ಹೊರತು ನೆಮ್ಮದಿಯಲ್ಲ. ನಿದ್ದೆ ಬರಿಸುವ ಆ ಗುಣಕ್ಕೂ ಮೆದುಳು ಬೇಗ ಒಗ್ಗಿಕೊಳ್ಳುತ್ತದೆ. ದಿನವೂ ನುಂಗಿದರೆ ಕೆಲವೇ ದಿನಗಳಲ್ಲಿ ಅದರ ಬಲ ತಗ್ಗುತ್ತದೆ. ಒಂದು ಎರಡಾಗುವುದು ಅದಕ್ಕಾಗಿ. ಕ್ಲೋರ್‌ಫೆನಿರಮೈನ್ ಶರೀರದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಇಪ್ಪತ್ತು ಗಂಟೆ ಬೇಕಾಗುತ್ತದೆ. ನಿನ್ನೆಯ ರಾತ್ರಿಯ ಮಾತ್ರೆ ಇಂದಿನ ತರಗತಿಗೂ ಬರುತ್ತದೆ. ಸಿರೊಟೊನಿನ್ನಿನ ಗುಣ ಅದಕ್ಕೆ ಇದ್ದರೂ, ಖಿನ್ನತೆಯನ್ನು ಅದು ವಾಸಿಮಾಡುತ್ತದೆಂದು ರೋಗಿಗಳ ಮೇಲಿನ ಸರಿಯಾದ ಪರೀಕ್ಷೆಗಳಿಂದ ಸ್ಥಾಪಿತವಾಗಿಲ್ಲ. ಆ ಗುಣವನ್ನು ಹೆಚ್ಚು ಪಡೆಯಲೆಂದು ಪ್ರಮಾಣ ಏರಿಸಿದರೆ ಮೊದಲು ಏರುವುದು ಕೆಡುಕು: ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ದೃಷ್ಟಿ ಮಸುಕಾಗುವುದು, ಮರೆವು. ಅತಿಯಾದರೆ ಹೃದಯದ ಗತಿ ಕೆಟ್ಟು ಪ್ರಾಣಕ್ಕೂ ಅಪಾಯ. ಮದ್ಯದೊಡನೆ ಸೇರಿದರೆ ಮಂಪರು ಇಮ್ಮಡಿಸುತ್ತದೆ. ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ತಿಳಿಸದೆ ಇದನ್ನೂ ನುಂಗಿದರೆ ಒಂದರ ದುಷ್ಪರಿಣಾಮವನ್ನು ಇನ್ನೊಂದು ಬೆಳೆಸಬಹುದು.

“ಎಲ್ಲಕ್ಕಿಂತ ಕೆಟ್ಟದ್ದು ಒಂದಿದೆ” ಎಂದರು ಡಾಕ್ಟರು. “ಬೆಳಗಿನ ಜಾವದ ಎಚ್ಚರ ಖಿನ್ನತೆಯ ದೂತ. ನೀವು ದೂತನನ್ನು ಕೊಂದಿರಿ. ಹಗೆ ಬಾಗಿಲಲ್ಲೇ ನಿಂತಿದ್ದಾನೆ. ಹೀಗೆ ವರ್ಷಗಟ್ಟಲೆ ಮುಚ್ಚಿಟ್ಟವರು ಒಂದು ದಿನ ಬದುಕೇ ಬೇಡವೆಂದು ಹೊರಡುತ್ತಾರೆ. ಊರವರು, ಮೊನ್ನೆ ತಾನೇ ನೋಡಿದ್ದೆವು, ಶೀತವೆಂದಿದ್ದರು, ಅನ್ನುತ್ತಾರೆ.”

ಆ ಮಾತ್ರೆಯ ಪಟ್ಟಿಯ ಹಿಂಬದಿಯನ್ನು ಓದಿದ್ದೀರಾ ಎಂದು ಅವರು ಕೇಳಿದರು. ಹಳೆಗನ್ನಡದ ಶಾಸನಗಳನ್ನು ಓದಲು ಕಲಿತ ನಾನು ಅದನ್ನು ಓದಿರಲಿಲ್ಲ. ೧೯೪೫ರ ಔಷಧ ನಿಯಮಗಳಲ್ಲಿ ಈ ಮಾತ್ರೆಗಳು ಜಿ ಅನುಸೂಚಿಗೆ ಸೇರಿವೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇದನ್ನು ಸೇವಿಸುವುದು ಅಪಾಯಕರ ಎಂಬ ಎಚ್ಚರಿಕೆ ಅವುಗಳ ಮೇಲೆ ಇರಬೇಕೆಂದು ನಿಯಮವಿದೆ. ಚೀಟಿ ಕೇಳದೆ ಕೊಡುವುದು ನಮ್ಮ ರೂಢಿ. ರೂಢಿಗೂ ನಿಯಮಕ್ಕೂ ನಡುವೆ ಇರುವ ಕಂದಕದಲ್ಲಿಯೇ ನಾನು ಬಿದ್ದದ್ದು.

ಮರೆವಿನ ಮಾತು ಬಂದಾಗ ಅವರು ಇನ್ನೊಂದನ್ನೂ ಹೇಳಿದರು. ೨೦೧೫ರಲ್ಲಿ ಅಮೆರಿಕದ ಸಿಯಾಟಲ್ ಪ್ರಾಂತದ ಅಧ್ಯಯನವೊಂದು ಪ್ರಕಟವಾಯಿತು. ಅರವತ್ತೈದು ದಾಟಿದ ೩,೪೩೪ ಮಂದಿಯನ್ನು ಸರಾಸರಿ ಏಳು ವರ್ಷಕ್ಕೂ ಮಿಕ್ಕಿ ಗಮನಿಸಿದ ಅಧ್ಯಯನ ಅದು. ಹಳೆಯ ಬಗೆಯ ಶೀತದ ಮಾತ್ರೆಗಳೂ, ಇಮಿಪ್ರಮೀನಿನ ಜಾತಿಯ ಹಳೆಯ ಖಿನ್ನತೆಯ ಔಷಧಗಳೂ ಸೇರಿದ ಒಂದು ಗುಂಪಿನ ಮದ್ದುಗಳನ್ನು ಬಹುಕಾಲ, ಹೆಚ್ಚು ಪ್ರಮಾಣದಲ್ಲಿ ಸೇವಿಸಿದವರಲ್ಲಿ ಮುಪ್ಪಿನ ಬುದ್ಧಿಭ್ರಮಣೆ ಹೆಚ್ಚಾಗಿ ಕಂಡಿತು. ಒಂದು ಇನ್ನೊಂದಕ್ಕೆ ಕಾರಣವೆಂದು ಅದರಿಂದಲೇ ಸಿದ್ಧವಾಗುವುದಿಲ್ಲ. ಆದರೂ ವಯಸ್ಸಾದವರಿಗೆ ಈ ಮಾತ್ರೆಗಳನ್ನು ಕೊಡಬಾರದೆಂದು ವೈದ್ಯರು ಎಚ್ಚರಿಸುತ್ತಾರೆ.

ಆ ಕ್ಷಣದಲ್ಲಿ ನನಗೆ ತಾಯಿಯ ಕಬ್ಬಿಣದ ಪೆಟ್ಟಿಗೆ ನೆನಪಾಯಿತು. ಕರ್ಮಗಳು ಮುಗಿದ ಮೇಲೆ ಅದನ್ನು ತೆರೆದಾಗ ಸೀರೆಗಳ ಕೆಳಗೆ ಖಾಲಿಯಾದ ಮಾತ್ರೆ ಪಟ್ಟಿಗಳು ಅಡಕವಾಗಿ, ರಬ್ಬರು ಹಾಕಿ, ಜೋಡಿಸಿ ಇಟ್ಟಿದ್ದವು. ಯಾವುದನ್ನೂ ಎಸೆಯುವ ಸ್ವಭಾವ ಅವರದಲ್ಲ. ನಾನು ಆಗ, ಅಮ್ಮನಿಗೆ ಶೀತದ ಪ್ರಕೃತಿ, ಎಂದುಕೊಂಡು ಎಸೆದಿದ್ದೆ. ಚೈತ್ರದ ಬಿಸಿಲಿನಲ್ಲಿಯೂ ಅವರು, “ಸ್ವಲ್ಪ ಶೀತ ಕಣೋ, ಮಲಗುತ್ತೇನೆ” ಎನ್ನುತ್ತಿದ್ದರು. ಕೊನೆಯ ವರ್ಷಗಳಲ್ಲಿ ನೀರು ನೀರು ಎನ್ನುತ್ತಿದ್ದರು. ಮೊಮ್ಮಕ್ಕಳ ಹೆಸರು ತಪ್ಪುತ್ತಿತ್ತು. ನಾವೆಲ್ಲ ವಯಸ್ಸು ಎಂದೆವು. ಅದು ವಯಸ್ಸೇ ಇರಬಹುದು. ಮಾತ್ರೆಯೇ ಕಾರಣವೆಂದು ನಾನು ಹೇಳಲಾರೆ. ಆದರೆ ಎಷ್ಟು ವರ್ಷಗಳಿಂದ, ಯಾವ ಶೀತಕ್ಕೆ, ಎಂದು ಒಮ್ಮೆಯಾದರೂ ನಾನು ಕೇಳಲಿಲ್ಲವೆಂಬುದು ಮಾತ್ರ ನಿಶ್ಚಯ. ಬೀಗದ ಕೈಯೂ ಈ ಪಟ್ಟಿಗಳೂ ಒಂದೇ ಪೆಟ್ಟಿಗೆಯಲ್ಲಿದ್ದವು.

ಕನ್ನಡದಲ್ಲಿ ಮಂಕು ಎಂಬ ಮಾತಿದೆ. ಬೆಳಕು ಕುಂದಿದರೂ ಮಂಕು, ಬುದ್ಧಿ ಕುಂದಿದರೂ ಮಂಕು, ದುಃಖದಿಂದ ಮುಖ ಬಾಡಿದರೂ ಮಂಕು. ಡಿ.ವಿ.ಜಿ.ಯವರು ೧೯೪೩ರಲ್ಲಿ ಪ್ರಕಟಿಸಿದ ಕಗ್ಗದ ತಿಮ್ಮ ತನ್ನ ಹೆಸರಿಗೆ ಅದನ್ನು ವಿನಯದಿಂದ ಸೇರಿಸಿಕೊಂಡ. ನಮ್ಮ ಹಿರಿಯರು ಖಿನ್ನತೆಗೂ ಮಂಪರಿಗೂ ಒಂದೇ ಪದವನ್ನು ಬಳಸಿದ್ದರಲ್ಲಿ ಒಂದು ತೊಡಕು ಹುಟ್ಟಿಕೊಂಡಿದೆ. ದುಃಖದ ಮಂಕಿನಲ್ಲಿರುವವನು ಮಾತ್ರೆಯ ಮಂಕಿಗೆ ಹೋದರೆ ನೋಡುವವರಿಗೆ ಭೇದ ತಿಳಿಯುವುದಿಲ್ಲ, ಅವನಿಗೇ ತಿಳಿಯುವುದಿಲ್ಲ. ನೋವು ಹೋಗಿದೆ ಎಂದುಕೊಳ್ಳುತ್ತಾನೆ. ಹೋಗಿರುವುದು ನೋವನ್ನು ಅರಿಯುವ ಎಚ್ಚರ.

ನಮ್ಮ ಸೀಮೆಯ ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಒಂದು ಗೊನೆಗೆ ಬಂದರೂ ಸಾಕು, ಯಜಮಾನ ಮುಚ್ಚಿಡುವುದಿಲ್ಲ. ಪಕ್ಕದ ತೋಟದವನಿಗೂ ಹೇಳುತ್ತಾನೆ, ಮೈಲುತುತ್ತ ಸುಣ್ಣ ಕಲಸಿ ಔಷಧಿ ಹೊಡೆಸುತ್ತಾನೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ಅಭ್ಯಸಿಸಿ ಆ ದ್ರಾವಣವನ್ನು ಬಳಕೆಗೆ ತಂದು ನೂರು ವರ್ಷಗಳ ಮೇಲಾಯಿತು. ತೋಟದ ಕೊಳೆಗೆ ಇಲ್ಲದ ನಾಚಿಕೆ ಮನಸ್ಸಿನ ಕೊಳೆಗೆ ಏಕೆ?

ಮನಸ್ಸಿನ ಚಿಕಿತ್ಸೆ ಎಂಬುದು ಪಟ್ಟಣದವರ ಸೊತ್ತು, ನಮ್ಮಂಥ ಕಾಡು ಸೀಮೆಗೆ ಸಲ್ಲದು, ಎಂಬ ಮಾತನ್ನೂ ಇನ್ನು ಆಡುವಂತಿಲ್ಲ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿಯ ವೈದ್ಯರು ೨೦೦೫ರ ಸುಮಾರಿಗೆ ತೀರ್ಥಹಳ್ಳಿ ತಾಲ್ಲೂಕನ್ನೇ ಆರಿಸಿಕೊಂಡು, ಊರೂರಿನ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಚಿತ್ತವಿಕಲತೆಯ ರೋಗಿಗಳನ್ನು ಗುರುತಿಸಿ, ಅವರವರ ಊರಿನ ಸಮೀಪದಲ್ಲಿಯೇ ಚಿಕಿತ್ಸೆ ನಡೆಸುವ ಕೆಲಸಕ್ಕೆ ತೊಡಗಿದರು. ಆ ತಂಡದಲ್ಲಿ ಮುಖ್ಯರಾದವರೊಬ್ಬರು ಡಾ. ಜಗದೀಶ ತೀರ್ಥಹಳ್ಳಿ, ಊರಿನ ಹೆಸರು ಅವರ ಹೆಸರಿನಲ್ಲಿಯೇ ಇದೆ. ಔಷಧ ಪಡೆದವರನ್ನೂ ಪಡೆಯದವರನ್ನೂ ಒಂದು ವರ್ಷದ ಅಂತರದಲ್ಲಿ ಹೋಲಿಸಿದಾಗ, ಪಡೆದವರಲ್ಲಿ ಕೆಲಸಕಾರ್ಯಗಳಿಗೆ ಇದ್ದ ಅಶಕ್ತತೆ ಇಳಿದಿತ್ತು. ಪಡೆಯದವರಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಈ ಫಲಿತಾಂಶ ೨೦೦೯ರಲ್ಲಿ ವಿದೇಶದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ರೋಗ ಬೇರೆ, ನನ್ನದು ಬೇರೆ. ಆದರೆ ಗುರುತಿಸಿ, ತಿಳಿದವರ ಕೈಯಿಂದ, ತಕ್ಕ ಮದ್ದನ್ನು ಕೊಟ್ಟರೆ ನಮ್ಮ ಹಳ್ಳಿಗಳಲ್ಲಿಯೂ ಮನುಷ್ಯ ಮತ್ತೆ ಎದ್ದು ನಡೆಯುತ್ತಾನೆಂಬುದಕ್ಕೆ ನಮ್ಮ ತುಂಗೆಯ ದಂಡೆಯೇ ಸಾಕ್ಷಿಯಾಯಿತು.

ಇತ್ತ ಶಿವಮೊಗ್ಗದಲ್ಲಿ ಡಾ. ಅಶೋಕ ಪೈಯವರು ಬಹುಕಾಲ ಮನೋವೈದ್ಯರಾಗಿದ್ದು, ಈ ಬೇನೆಗಳ ಬಗೆಗೆ ಸಾಮಾನ್ಯ ಓದುಗರಿಗೆ ಎಟಕುವ ಕನ್ನಡದಲ್ಲಿ ಬರೆಯುತ್ತಿದ್ದರು. ೨೦೧೬ರಲ್ಲಿ ಅವರು ತೀರಿಕೊಂಡರು. ೨೦೧೪ರಲ್ಲಿ ರಾಜ್ಯ ಸರಕಾರ ಮನೋಚೈತನ್ಯ ಎಂಬ ಯೋಜನೆಯನ್ನು ಆರಂಭಿಸಿ, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬರುವ ಏರ್ಪಾಡು ಮಾಡಿತು. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರದ ಟೆಲಿ ಮಾನಸ್ ಆರಂ‌ಭವಾಯಿತು. ೧೪೪೧೬ಕ್ಕೆ ಕರೆಮಾಡಿದರೆ ಹಣವಿಲ್ಲದೆ ಮಾತನಾಡುವವರು ದೊರೆಯುತ್ತಾರೆ. ಹೀಗಿದ್ದೂ ನಿಮ್ಹಾನ್ಸ್ ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಗುರಿಯಾಗುತ್ತಾರೆ. ಮನೋವ್ಯಾಧಿಯಿರುವವರಲ್ಲಿ, ವ್ಯಾಧಿಯ ಬಗೆಗೆ ತಕ್ಕಂತೆ, ನೂರಕ್ಕೆ ೭೦ರಿಂದ ೯೨ ಮಂದಿಗೆ ಚಿಕಿತ್ಸೆಯೇ ಇಲ್ಲ. ಅವರೆಲ್ಲ ಏನು ಮಾಡುತ್ತಾರೆ? ಕೆಲವರಾದರೂ ಔಷಧಿಯ ಗೂಡಿಗೆ ಕೈಹಾಕುತ್ತಾರೆಂದು ನನ್ನ ಊಹೆ.

ವೈದ್ಯರ ಚೀಟಿಯ ಮದ್ದೂ ಸಂಜೀವಿನಿಯಲ್ಲ. ಅದನ್ನೂ ಹೇಳಬೇಕು. ಅದು ಕೆಲಸ ಮಾಡಲು ಎರಡು ವಾರವೋ ನಾಲ್ಕು ವಾರವೋ, ಕೆಲವೊಮ್ಮೆ ಇನ್ನೂ ಹೆಚ್ಚೋ ಹಿಡಿಯುತ್ತದೆ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುತ್ತದೆ. ಮೊದಲು ಕೊಟ್ಟದ್ದು ಎಲ್ಲರಿಗೂ ಹಿಡಿಸುವುದಿಲ್ಲ. ಗುಣ ಕಂಡಿತೆಂದು ತಟ್ಟನೆ ಬಿಡುವಂತೆಯೂ ಇಲ್ಲ. ಎಲ್ಲ ದುಃಖವೂ ರೋಗವಲ್ಲ, ಎಲ್ಲ ರೋಗಕ್ಕೂ ಮಾತ್ರೆ ಬೇಕಾಗಿಲ್ಲ, ಮಾತಿನಿಂದಲೇ ವಾಸಿಯಾಗುವವರಿದ್ದಾರೆ. ಆದರೆ ಯಾವುದು ಯಾವುದೆಂದು ತೂಗಿ ಹೇಳಲು ಎದುರಿಗೆ ಒಬ್ಬ ತಿಳಿದ ಮನುಷ್ಯ ಕುಳಿತಿರುತ್ತಾನೆ. ಶೀತದ ಮಾತ್ರೆಯ ಎದುರಿಗೆ ಯಾರೂ ಕುಳಿತಿರುವುದಿಲ್ಲ. ಎರಡಕ್ಕೂ ಇರುವ ದೊಡ್ಡ ಅಂತರ ರಸಾಯನದ್ದಲ್ಲ, ಇದು.

ಒಂದು ಮಂಗಳವಾರ ನಾನು ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ಹೊರಗೆ ಸಣ್ಣಗೆ ಮಳೆ. ಪಕ್ಕದಲ್ಲಿ ಟವಲು ಹೊದ್ದು ಕುಳಿತಿದ್ದ ವೃದ್ಧರು ಮುಖ ತಿರುಗಿಸಿದರು, ನಾನೂ ತಿರುಗಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಗುರುತು ಹತ್ತಿತು. ನನ್ನ ಹಳೆಯ ಶಿಷ್ಯನೊಬ್ಬನ ತಂದೆ ಅವರು, ನಮ್ಮ ಕಡೆಯವರೇ. ಮೌನ ಅಸಹ್ಯವಾದಾಗ ಅವರೇ, “ಏನು ಮೇಷ್ಟ್ರೆ, ಶೀತವೆ?” ಎಂದು ಕೇಳಿದರು.

ಹೌದೆಂದರೆ ಮುಗಿಯುತ್ತಿತ್ತು. ಬಾಯಿಗೂ ಅದೇ ಬಂದಿತ್ತು. ಸೆರಗಿನಲ್ಲಿ ಬೀಗದ ಕೈ ಕಟ್ಟಿಕೊಂಡು ಚೈತ್ರದ ಬಿಸಿಲಿನಲ್ಲಿ ಕಂಬಳಿ ಹೊದ್ದು ಮಲಗಿದವರ ನೆನಪಾಯಿತು.

“ಶೀತವಲ್ಲ ರಾಯರೆ, ಮನಸ್ಸಿಗೆ” ಎಂದೆ.

ಅವರು ಬಹಳ ಹೊತ್ತು ಮಳೆಯನ್ನೇ ನೋಡುತ್ತಿದ್ದರು. ಆಮೇಲೆ ಟವಲನ್ನು ಸರಿಪಡಿಸಿಕೊಂಡು, ನನ್ನ ಹತ್ತಿರಕ್ಕೆ ಸ್ವಲ್ಪ ಸರಿದು, “ನನಗೂ ಅದೇ” ಎಂದರು.